ಎರಡು ಬೆರಳು

ಮೂಳೆ ಕೂಡಿದೆ ಎಂದರು ಡಾಕ್ಟರು.
ಕರೆಂಟಿರಲಿಲ್ಲ. ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದು ತೋರಿಸಿದರು:
ತೊಡೆಯೊಳಗೆ ಮೂರು ತಿರುಪು, ಬೆಳ್ಳಗೆ,
ಅಬೋಯ್ ತೆಕ್ಲೆಯ ಅಂಗಡಿಯ ಡಬ್ಬಿಯಿಂದ ಕದ್ದು ಹಾಕಿದ ಹಾಗೆ.
ಓಡಿಸಬಹುದು ಎಂದರು.
ಓಡಿಸಬೇಕೆ ಎಂದು ನಾನು ಕೇಳಲಿಲ್ಲ.
ಅದು ಅವರ ವಿಭಾಗವಲ್ಲ.

ಅಸ್ಮಾರಾದಲ್ಲಿ ಬೆಳಗಾಗುವುದೇ ಸೈಕಲ್ಲಿನ ಸದ್ದಿಗೆ.
ಬ್ರೆಡ್ಡಿನವನು, ಪಾದ್ರಿ, ಲೆಕ್ಕದ ಮೇಷ್ಟ್ರು,
ಹಿಂದೆ ಕೋಳಿಪಂಜರ ಕಟ್ಟಿಕೊಂಡ ಮುದುಕ.
ಇಲ್ಲಿ ಸೈಕಲ್ಲು ಬಿಟ್ಟೆ ಎಂದರೆ
ಉಪ್ಪು ಬಿಟ್ಟೆ ಎಂದ ಹಾಗೆ, ಯಾರೂ ನಂಬುವುದಿಲ್ಲ.
ಬಿಡಬೇಕಾದ್ದು ಸೈಕಲ್ಲನ್ನಲ್ಲ, ಬೆನ್ನ ಮೇಲಿನ ನಂಬರನ್ನು
ಎಂದೆ ಅವ್ವನಿಗೆ.
ಹುರಿಯುತ್ತಿದ್ದ ಕಾಫಿಯ ಹೊಗೆಯನ್ನು ನನ್ನ ಮುಖದತ್ತ ಬೀಸಿ
"ಎರಡರ ತೂಕವೂ ನನಗೆ ಗೊತ್ತಿಲ್ಲ ಮಗಳೇ" ಎಂದಳು.
ಹನ್ನೊಂದು ತಿಂಗಳಿಂದ ತೊಡದ ಜರ್ಸಿಯನ್ನು
ಪ್ರತಿ ಶನಿವಾರ ಒಗೆದು ಒಣಹಾಕುತ್ತಾಳೆ.
ಬೆವರಿಲ್ಲದ ನೀರು ತಿಳಿಯಾಗಿಯೇ ಹರಿದುಹೋಗುತ್ತದೆ.

ನಮ್ಮೂರು ಇರುವುದು ಮೋಡದ ಮೇಲೆ.
ಅಂಚು ದಾಟಿದರೆ ರಸ್ತೆ ಬೀಳುತ್ತಲೇ ಹೋಗುತ್ತದೆ:
ನೆಫಾಸಿತ್, ಗಿಂಡಾ, ಆಮೇಲೆ ಸೆಕೆ, ಒಂಟೆ, ಕಡಲು.
ಹದಿನಾರರಲ್ಲಿ ನಾನು ಇಳಿಯುತ್ತಿದ್ದದ್ದು
ಬಾಯಿಂದ ಮಾತು ಜಾರುವ ಹಾಗೆ,
ಆಡಿದ ಮೇಲಷ್ಟೇ ಗೊತ್ತಾಗುವುದು.
ಆ ದಿನ ತಿರುವಿನಲ್ಲಿ ಮಂಜು. ಮಂಜಿನೊಳಗೊಂದು ಮಂಗ
ರಸ್ತೆ ತನ್ನ ಅಪ್ಪನದೆಂಬಂತೆ ಕೂತಿತ್ತು.
ಕಲ್ಲು ಅದು ಎನ್ನುತ್ತಾಳೆ ಲುವಾಮ್, ನನ್ನ ಹಿಂದೆಯೇ ಇದ್ದವಳು.
ಕಲ್ಲಾದರೆ, ನನ್ನನ್ನು ನೋಡಿದ್ದು ಯಾರು?

ಹೋದ ವಾರ ಮತ್ತೆ ಹೋದೆ, ಒಬ್ಬಳೇ.
ನೂರು ಗಜ ಇಳಿದಿರಲಿಲ್ಲ,
ಎಡಗೈಯ ಎರಡು ಬೆರಳು ಬ್ರೇಕು ಹಿಡಿದುಬಿಟ್ಟವು.
ನಾನು ಹೇಳಿರಲಿಲ್ಲ.
ಬಿಡಿಸಿದೆ. ಮತ್ತೆ ಹಿಡಿದವು.
ಬೈದೆ. ಸೆರಗು ಹಿಡಿದ ಕೂಸಿನಂತೆ ಇನ್ನೂ ಬಿಗಿಯಾದವು.
ಎತ್ತು ಏರಿಗೆ, ಕೋಣ ನೀರಿಗೆ:
ಕಾಲಿಗೆ ಗೆಲ್ಲುವ ಹಳೇ ಹುಚ್ಚು,
ಕೈಗೆ ಬದುಕುವ ಹೊಸ ಹುಚ್ಚು,
ನಡುವೆ ಸೀಟಿನ ಮೇಲೆ ನಾನು, ಹೆಸರಿಗೆ.

ಕಳ್ಳಿಹಣ್ಣು ಮಾರುವ ಹುಡುಗ ಓಡಿಬಂದ.
"ಪಂಕ್ಚರ್ರಾ ಅಕ್ಕಾ?"
ಹೂಂ ಎಂದೆ. ಪೂರಾ ಸುಳ್ಳಲ್ಲ.
ಟೈರು ಒತ್ತಿ ನೋಡಿ "ಗಾಳಿ ಇದೆಯಲ್ಲ!" ಎಂದ.
ಮುಳ್ಳು ತೆಗೆದ ಹಣ್ಣೊಂದು ಕೊಟ್ಟ, ಕಾಸು ಮುಟ್ಟಲಿಲ್ಲ.
ಗಾಳಿಯಿದ್ದೂ ನಿಂತವಳಿಗೆ
ಏನು ಬೆಲೆ ಹೇಳಬೇಕೋ ಅವನಿಗೆ ತೋಚಲಿಲ್ಲ.

ವಾಪಸು ಹತ್ತಿದೆ.
ಹತ್ತುವಾಗ ಬೆರಳು ಸುಮ್ಮನಿದ್ದವು, ಉಸಿರು ನನ್ನದೇ ಆಗಿತ್ತು,
ತಿರುಪುಗಳಿಗೂ ತಾಳ ಸಿಕ್ಕಿತ್ತು.
ಬರೀ ಏರೇ ಇದ್ದಿದ್ದರೆ ಇನ್ನೂ ಹತ್ತು ವರ್ಷ.
ಆದರೆ ಏರಿ ಗಳಿಸಿದ್ದನ್ನೆಲ್ಲ
ಇಳಿದೇ ಉಳಿಸಿಕೊಳ್ಳಬೇಕು ಈ ಆಟದಲ್ಲಿ.

ತೆಕ್ಲೆಯ ಅಂಗಡಿಯಲ್ಲಿ ಇಳಿದೆ.
ಸ್ಟಾಕ್‌ಹೋಮಿನ ಚಿಕ್ಕಪ್ಪ ಕಾಲುಚೀಲದೊಳಗೆ ಸುತ್ತಿ ತಂದ ಚೈನು,
ಎರಡು ಸಲ ಬೆಸೆದ ಫ್ರೇಮು,
ಯಾರದೋ ಹಳೆಯ ಹ್ಯಾಂಡಲ್ಲು.
ಲುವಾಮ್ ನನಗಿಂತ ಒಂದೂವರೆ ಬೆರಳು ಗಿಡ್ಡ.
ಸೀಟು ಅಷ್ಟು ಇಳಿಸಿದೆ.
ಮುದುಕ ನೋಡಿದ, ಮೂಗು ಒರೆಸಿಕೊಂಡ.
"ಇವತ್ತು ಕೈಯಲ್ಲೇ ಬಿಗಿದಿಡು. ಪಾನಾ ಆಮೇಲೆ ಹಾಕಿದರಾಯಿತು."

ಪಾನಾ ಹಾಕಿದ್ದು ಯಾವತ್ತೋ, ಯಾರೋ, ಕೇಳಲಿಲ್ಲ.

ಇವತ್ತು ನಾಲ್ಕೂವರೆಗೆ ಎಚ್ಚರವಾಯಿತು.
ಬೀದಿಯಲ್ಲಿ ಹುಡುಗಿಯರು, ಚಕ್ರಗಳ ಜೀರುಂಡೆ ಸದ್ದು.
ಅದರಲ್ಲೊಂದು ಚೈನು
ನನಗೆ ಗೊತ್ತಿರುವ ಕೊಂಡಿಯಲ್ಲಿ ಟಿಕ್ಕೆಂದು ದಾಟಿತು.
ಎಣಿಸುತ್ತಾ ಮಲಗಿದೆ: ಈಗ ಚರ್ಚು,
ಈಗ ಊರ ಅಂಚು,
ಈಗ ಆ ತಿರುವು.

ಹೊದಿಕೆಯೊಳಗೆ ಎರಡು ಬೆರಳು
ಮೆಲ್ಲಗೆ ಮಡಿಸಿದವು.