ಅರ್ಧ ಸ್ವರ ಕೆಳಗೆ

ಜುಮ್ಮಾ ಮುಗಿದು, ಬಿರಿಯಾನಿಯೂ ಮುಗಿದು
ರಾಸ್ ಅಲ್ ಖೈಮಾ ಕಣ್ಣು ಮುಚ್ಚುವ ಹೊತ್ತು,
ಎರಡೂವರೆಯಿಂದ ಒಂದು ಗಂಟೆ ನಮ್ಮದು.
ಕೆಳಗೆ ಟೈಲರ್ ಅಂಗಡಿ, ಮೇಲೆ ಸ್ಟುಡಿಯೋ;
ಗಾಜಿನ ಆಚೆ ಸುಜಯಾ ಬಂಗೇರ, ಮೈಕು, ಶುಂಠಿ ಚಹಾ,
ಈಚೆ ನಾನು, ಶೇಕಬ್ಬ.
ಹೆಸರಿನಲ್ಲಷ್ಟೇ ಶೇಖ್, ಸಂಬಳ ನೋಡಿದರೆ ಅಬ್ಬಾ!

ಈ ತಿಂಗಳು ಪೂರ್ತಿ ಸಿಲ್ವೆಸ್ಟರ್ ತಾವ್ರೊ.
ವಾರಕ್ಕೊಂದು ಆಲ್ಬಮ್, ಎ ಸೈಡು, ಬಿ ಸೈಡು,
ನಡುನಡುವೆ ಕಾರ್ಗೋ, ಹಲ್ಲಿನ ಡಾಕ್ಟರು, ಬಾಡಿಗೆ ಫ್ಲಾಟು.
ಮೊದಲ ವಾರ ‘ಮೂವತ್ತು ಕಿಲೋ’,
ಏರ್‌ಪೋರ್ಟಿನ ತಕ್ಕಡಿಯೆದುರು ಪೆಟ್ಟಿಗೆ ಬಿಚ್ಚಿ
ಏನು ತೆಗೆಯಲಿ ಎಂದು ನಿಂತವನ ಹಾಡುಗಳು.
ಎರಡನೆಯದು ‘ನೀರಿನ ಲಾರಿ’.
ಗಿಟಾರು ಅವನದೇ, ಮಾತು ಅವನದೇ, ರಾಗವೂ;
ಹಗಲು ಸಿಮೆಂಟು ಫ್ಯಾಕ್ಟರಿಯಲ್ಲಿ ಸ್ಟೋರ್ ಕೀಪರ್,
ರಾತ್ರಿ ಮೆಸ್ಸಿನ ತಟ್ಟೆಗಳೆಲ್ಲ ತೊಳೆದಾದ ಮೇಲೆ
ಕನ್ನಡದಲ್ಲಿ ಪಾಪ್ ಮಾಡಿದವನು, ಎಂಬತ್ತನಾಲ್ಕರಲ್ಲಿ,
ಹಾಗೆ ಮಾಡಬಹುದೇ ಎಂದು ಯಾರನ್ನೂ ಕೇಳದೆ.

ಮೂರನೆಯ ವಾರ ‘ಶುಕ್ರವಾರದ ಷರ್ಟು’.
ಬಿ ಸೈಡಿನ ಎರಡನೆಯದು ನಿಮಗೂ ಗೊತ್ತು:
ಈ ಷರ್ಟಿಗೆ ಈ ಊರು ಸಾಲದು, ಅನ್ನುವುದು.
ಎಷ್ಟು ನಿಧಾನ! ದನಿ ಎಷ್ಟು ಆಳ,
ಬಾವಿಗಿಳಿದ ಕೊಡ ಓರೆಯಾಗಿ ತುಂಬಿಕೊಳ್ಳುವ ಹಾಗೆ.
ಕ್ರೇನು ನಡೆಸುವವರು ಅದಕ್ಕೆ ಅತ್ತಿದ್ದಾರೆ.
ಮನೆಗೆಲಸದ ಹೆಂಗಸರು ಬಾತ್‌ರೂಮಿನ ನಲ್ಲಿ ಬಿಟ್ಟು
ಆ ಸದ್ದಿನ ಮರೆಯಲ್ಲಿ ಅತ್ತಿದ್ದಾರೆ.
ಫುಜೈರಾ ಕಡೆಯ ಒಬ್ಬ ಟ್ರಕ್ ಡ್ರೈವರ್
ಪ್ರತಿ ಸಲ ಫೋನು ಮಾಡಿ, ‘ಅದನ್ನು ಹಾಕಿ’ ಅಂದು,
ಹೆಸರೂ ಹೇಳದೆ ಇಟ್ಟುಬಿಡುತ್ತಾನೆ.

ಅವತ್ತು ಹಾಡು ಮುಗಿಯುವ ಮೊದಲೇ ಕೆಂಪು ದೀಪ.
ಶಾರ್ಜಾ ನಂಬರು. ಹಿಂದೆಲ್ಲೋ ಕುಕ್ಕರಿನ ಸೀಟಿ.
‘ತಾವ್ರೊ ಮಾತಾಡುವುದು. ಹಾಡಿದವನೇ.
ಮಗಾ, ನಿಮ್ಮ ಟೇಪು ನಿಧಾನ ಓಡ್ತಾ ಉಂಟು.
ಅರ್ಧ ಸ್ವರ ಕೆಳಗೆ.
ಇಪ್ಪತ್ತು ವರ್ಷದಿಂದ ಹೇಳಬೇಕೂಂತ ಇದ್ದೆ,
ಫೋನಿನ ದುಡ್ಡು ಉಳಿಸಿದೆ.’

ನೆನಪಾಯಿತು. ಆ ಕ್ಯಾಸೆಟ್ಟು ನಮಗೆ ಸಿಕ್ಕಿದ್ದು
ಯಾವುದೋ ಪಿಕಪ್ಪಿನ ಡ್ಯಾಶ್‌ಬೋರ್ಡಿನ ಮೇಲಿಂದ.
ಆಗಸ್ಟು. ಗಾಜು ಏರಿಸಿಟ್ಟ ಗಾಡಿ.
ಡಬ್ಬಿ ಹುರಿದ ಹಪ್ಪಳದಂತೆ ಸೊಟ್ಟ,
ರೀಲು ಹಳೇ ಬನಿಯನ್ನಿನ ಕುತ್ತಿಗೆಯಂತೆ ಎಳೆದುಹೋಗಿತ್ತು.
ಬೇರೆ ಡಬ್ಬಿಗೆ ಸುತ್ತಿದವನು ನಾನೇ,
ಕಂಪ್ಯೂಟರಿಗೆ ಇಳಿಸಿದವನೂ.

‘ನಾನು ಆಗ ಅಷ್ಟೊಂದು ದುಃಖದಲ್ಲಿ ಇರಲೇ ಇಲ್ಲ ಮಾರಾಯ!
ಇಪ್ಪತ್ತೊಂಬತ್ತು ವರ್ಷ. ಓವರ್‌ಟೈಮ್ ಕೈಗೆ ಬಂದಿತ್ತು.
ನೀಲಿ ಷರ್ಟು, ಹೊಸದು, ಬೀದಿ ಉದ್ದಕ್ಕೂ ಮೆರೆದೆ.
ಊರು ಸಾಲದು ಅಂದರೆ ಜಂಬ ಅದು, ಜಂಬ.
ಕುಣಿಯುವ ಹಾಡು.’

ಜಾಹೀರಾತಿನ ಮೂರು ನಿಮಿಷ ನನ್ನ ಕೈಲಿತ್ತು.
ವೇಗದ ಗುಂಡಿ ಬಲಕ್ಕೆ, ಕೂದಲೆಳೆಯಷ್ಟು,
ಇನ್ನೂ ಅಷ್ಟು.
ಗಿಟಾರು ಬೆನ್ನು ನೆಟ್ಟಗೆ ಮಾಡಿತು,
ಕೊಡ ಮೇಲೆ ಬಂದು ಸೊಂಟಕ್ಕೆ ಕೂತಿತು.
ಯಾರೋ ಹುಡುಗ ಹಾಡುತ್ತಿದ್ದ, ಮಹಾ ಚೆಂದವೇನಲ್ಲ,
ಕೊನೆಯ ಸಾಲಿನಲ್ಲಿ ನಗು ತಡೆಯಲಾರದೆ ಕಿಸಕ್ಕೆಂದ.
ನಾನು ಇಷ್ಟು ವರ್ಷ
ಅದನ್ನು ಬಿಕ್ಕು ಅಂದುಕೊಂಡಿದ್ದೆ.

ಹತ್ತು ನಿಮಿಷದಲ್ಲಿ ಹನ್ನೊಂದು ಫೋನು.
ಯಾರ್ರೀ ಇವನು? ನಮ್ಮ ತಾವ್ರೊನದ್ದು ಹಾಕಿ.
ಫುಜೈರಾದವನು ಮೊದಲ ಸಲ ಉದ್ದ ಮಾತಾಡಿದ:
‘ಅಕ್ಕಾ, ಅಲ್ಲಿ ಅವಳನ್ನು ಮಣ್ಣು ಮಾಡುವಾಗ
ನನಗೆ ರಜೆ ಸಿಗಲಿಲ್ಲ. ಗಾಡಿ ಬದಿಗೆ ಹಾಕಿ
ಕೇಳಿದ ಹಾಡು ಅದು. ಇದು ಯಾವುದು?’

ಸುಜಯಾ ಗಾಜಿನಾಚೆಯಿಂದ ನನ್ನನ್ನು ನೋಡಿದಳು.
ನಾನು ಒಂದನೇ ಲೈನಿನ ದೀಪ ನೋಡಿದೆ,
ಮುದುಕ ಇನ್ನೂ ಫೋನು ಇಟ್ಟಿರಲಿಲ್ಲ;
ಎಲ್ಲ ಕೇಳಿಸಿಕೊಂಡಿದ್ದ.
ಕುಕ್ಕರು ಮತ್ತೊಮ್ಮೆ ಕೂಗಿ ಸುಮ್ಮನಾಯಿತು.

‘ಆಯಿತು, ಅವನಿಗೆ ಅದನ್ನೇ ಹಾಕು’ ಅಂದ.
ಗುಂಡಿಯನ್ನು ಎಡಕ್ಕೆ ತಿರುಗಿಸುತ್ತಿದ್ದೆ,
ಅಷ್ಟರಲ್ಲಿ ಮತ್ತೆ:
‘ಒಂದು ಮಾತು ಮಗಾ,
ಆ ಪಿಕಪ್ಪು ಯಾರದು ಗೊತ್ತುಂಟಾ?’