ತಕ್ಕಡಿ ಹಿಡಿದವಳು

ವಡಗಾವಿಯಲ್ಲಿ ಮಗ್ಗದ ಶೆಡ್ಡಿಗೆ ಪಾಯ ತೋಡುವಾಗ ಸಿಕ್ಕವಂತೆ.
ಯಮನವ್ವ ಸೆರಗಿನ ಗಂಟು ಬಿಚ್ಚಿ
ನನ್ನ ಗುಜರಿ ಅಂಗಡಿಯ ತಕ್ಕಡಿಗೆ ಸುರಿದಳು,
ಹಸಿರುಗಟ್ಟಿದ ಏಳು ಬಿಲ್ಲೆ.
'ಕಂಚೈತೋ ತಾಮ್ರೈತೋ ನೀನ ನೋಡಪಾ, ಶಿವಪುತ್ರ.'

ಹುಣಸೆಹಣ್ಣು ಹಚ್ಚಿ ತಿಕ್ಕಿದೆ.
ಒಂದು ಮಗ್ಗುಲಿಗೆ ದಪ್ಪ ಕತ್ತಿನ ಯಾರೋ ದೊರೆ,
ಮೂಗು ಸವೆದಿದೆ.
ಇನ್ನೊಂದಕ್ಕೆ, ನಿಂತ ಹೆಂಗಸು.

ದರೂರ ಮಾಸ್ತರು ಬಂದವರೇ ಮೊದಲು ಬೈದರು:
'ಎರಡ ಸಾವಿರ ವರ್ಷದ ಹಸಿರು, ತಿಕ್ಕಿ ಕಳದೆಲ್ಲೋ!'
ಆಮೇಲೆ ಕನ್ನಡಕ ಹಣೆಗೇರಿಸಿ ಬಿಲ್ಲೆಯನ್ನು ಕಣ್ಣ ಹತ್ತಿರ ಹಿಡಿದರು.
ರೋಮಿನವರು ಗುಣಗಳಿಗೂ ಸೀರೆ ಉಡಿಸಿದ್ದರಂತೆ.
ಹಾವಿಗೆ ಬಟ್ಟಲಲ್ಲಿ ಉಣಿಸುವವಳು ಆರೋಗ್ಯ
(ನಮ್ಮ ಪಂಚಮಿಯ ಹಾಗೆ, ಅಂದೆ. ಅವರಿಗೆ ಕೇಳಿಸಲಿಲ್ಲ).
ಒಂದು ಕೈಯಲ್ಲಿ ಮೊಗ್ಗು, ಇನ್ನೊಂದರಲ್ಲಿ
ನೆರಿಗೆ ಎತ್ತಿ ಹಿಡಿದವಳು ಭರವಸೆ.
ಗಟಾರ ದಾಟುವ ನಮ್ಮ ಓಣಿಯವಳೇ!

ಮತ್ತೆ ಈ ತಕ್ಕಡಿ ಹಿಡಿದವಳು?
'ಸಮತೆ,' ಎಂದರು. 'ನ್ಯಾಯದ ತೂಕ.
ನಾಣ್ಯದಾಗ ಬೆರಕಿ ಹೆಚ್ಚಾದಂಗ ಇಕೀ ಚಿತ್ರನೂ ಹೆಚ್ಚಾತಂತ.'
ನಕ್ಕರು. ನಾನು ನಗಲಿಲ್ಲ.

ರಾತ್ರಿ ಕದ ಹಾಕಿಕೊಂಡು ಅವಳನ್ನೇ ತೂಗಿದೆ.
ಮಾಸ್ತರು ಹತ್ತು ಗ್ರಾಂ ಅಂದಿದ್ದರು;
ನನ್ನಲ್ಲಿ ಎಂಟಕ್ಕೇ ನಿಂತಳು.
ಅವಳ ಕೈಯಲ್ಲಿನ ತಕ್ಕಡಿ,
ಅಕ್ಕಿಕಾಳಿನಷ್ಟು ಅಗಲದ್ದು, ಎತ್ತಲೂ ವಾಲಿರಲಿಲ್ಲ.

ನಾಳೆ ಯಮನವ್ವ ರೊಕ್ಕಕ್ಕೆ ಬರುತ್ತಾಳೆ.
ಕಲ್ಲಿಡುವ ತಟ್ಟೆಯನ್ನು ಬೋರಲು ಹಾಕಿ
ಅಡಿಗೆ ಮೆತ್ತಿದ ಮೇಣವನ್ನು
ಉಗುರಿನಿಂದ ಕೆರೆಯುತ್ತ ಕೂತಿದ್ದೇನೆ.
ಅರ್ಧ ಬಂತು.
ಇನ್ನರ್ಧ ಅಪ್ಪನ ಕಾಲದ್ದು,
ಕಲ್ಲಾಗಿದೆ.