ರಾತ್ರಿ ಪಾಳಿ

ತಾಮ್ ಅಂದರೆ ಎಂಟು. ಅವನು ಹುಟ್ಟಿದ್ದು ಏಳನೆಯವನಾಗಿ.
ಮೆಕಾಂಗ್ ಕಡಲು ಸೇರುವ ನಮ್ಮ ಈ ಕಡೆ
ಚೊಚ್ಚಲ ಕೂಸಿಗೇ ಎರಡನೆಯದೆಂದು ಹೆಸರು:
ಗಾಳಿಯಲ್ಲಿರುವವು ಲೆಕ್ಕ ತಪ್ಪಲಿ ಎಂದು.

ಅವನ ಸೀಗಡಿ ಹೊಂಡಗಳಿಗೂ ಅದೇ ಗಣಿತ.
ಪುಸ್ತಕದಲ್ಲಿ ಬರೆದದ್ದು: ಮೇವು, ಸುಣ್ಣ, ಡೀಸೆಲ್.
ಬರೆಯದ ಸಾಲೊಂದು ಯಾವಾಗಲೂ ಮೊದಲಿತ್ತು.

ನಾನು ಕಾನ್ ಥೋದಿಂದ ಬೈಕಿನಲ್ಲಿ ಬಂದೆ,
ಬೆನ್ನಿಗೆ ಐಸ್ ಪೆಟ್ಟಿಗೆ, ಹನ್ನೆರಡು ಕಂದು ಸೀಸೆ.
ಕಾಲುವೆಯ ನೀರು, ಹೊಂಡದ ನೀರು,
ಹೆಂಗಸರು ಸೊಪ್ಪು ತೊಳೆಯುವ ಮೆಟ್ಟಿಲ ನೀರು.
ಗುಡ್ಡವೇ ಇಲ್ಲದ ನಾಡಿನಲ್ಲಿ
ಮೂರರಿಂದಲೂ ಒಂದೇ ಗುಡ್ಡ ಪರದೆಯ ಮೇಲೆದ್ದಿತು:
ಟೆಟ್ರಾಸೈಕ್ಲಿನ್.
ಊರಿಗೆ ಬಂದದ್ದು ನೀರಿಗೆ ಬಾರದೆ ಇದ್ದೀತೆ.

ಮೊಮ್ಮಗ ಖೋಯ್‌ನ ಹಿಮ್ಮಡಿಯನ್ನು ಕಪ್ಪೆಚಿಪ್ಪು ಕೊಯ್ದಿತ್ತು.
ಮೂರು ಆಸ್ಪತ್ರೆ, ನಾಲ್ಕು ಬಗೆಯ ಮಾತ್ರೆ;
ಗಾಯ ಬಾಯಿ ಮುಚ್ಚಲಿಲ್ಲ.
"ಮದ್ದಿಗೆ ಹೆದರದ ಹುಳ" ಎಂದರಂತೆ ವೈದ್ಯರು.
ಇದನ್ನು ಹೇಳುವಾಗ ತಾಮ್
ಹೊಂಡದ ಕಡೆ ನೋಡಲಿಲ್ಲ. ನಾನೂ ನೋಡಲಿಲ್ಲ.

ನನ್ನ ಪುಡಿಯನ್ನು ಹೆಚ್ಚು ಹೊಗಳಲಾರೆ.
ಗೋಡೆಗೆ ಬಳಿಯುವ ಬಿಳುಪಿನ ಒಡಹುಟ್ಟು,
ಸಾರಜನಕ ಸೇರಿಸಿ ಸುಟ್ಟಾಗ ಹಳೆಯ ಹಲ್ಲಿನಷ್ಟು ಹಳದಿ.
ಕಣವೆಂದರೆ, ಕೂದಲೆಳೆಯೊಂದನ್ನು ಉದ್ದಕ್ಕೆ
ಮೂರು ಸಾವಿರ ಸಲ ಸೀಳಿದಷ್ಟು.
ಬೆಳಕು ತಾಗಿದರೆ ಒಳಗಿಂದ ಒಂದು ಎಲೆಕ್ಟ್ರಾನ್
ದಿಗ್ಗನೆ ಎದ್ದು ಹೋಗುತ್ತದೆ.
ಬಿಟ್ಟುಹೋದ ಖಾಲಿ ಜಾಗಕ್ಕೆ ವಿಪರೀತ ಹಸಿವು.
ಅದು ನೀರನ್ನೇ ಕಚ್ಚಿ, ಕಚ್ಚಿಸಿಕೊಂಡ ನೀರು ಮದ್ದನ್ನು ಕಚ್ಚಿ,
ನಾಲ್ಕು ಉಂಗುರದ ಆ ಅಣು
ತೊಟ್ಟದ್ದನ್ನು ಒಂದೊಂದೇ ಕಳಚುತ್ತದೆ.

ತೆಂಗಿನ ಚಿಪ್ಪಿನ ಇದ್ದಿಲಿಗೆ ಅಂಟಿಸಿ
ಬಲೆಚೀಲಗಳಲ್ಲಿ ತೇಲಬಿಟ್ಟೆ. ಈ ಕೆಸರಿನಲ್ಲಿ
ಬಿಸಿಲು ಒಂದು ಗೇಣೂ ಇಳಿಯುವುದಿಲ್ಲವಲ್ಲ.
ಮೊದಲ ವಾರ ಮೋಡ.
ಎರಡನೆಯ ವಾರ ಬಾತುಕೋಳಿಗಳು ಎರಡು ಚೀಲ ಹರಿದವು.
ಮೂರನೆಯ ವಾರ ಆಕಾಶ ಕಾದ ಹೆಂಚು;
ಬೆಳಗಿನ ಸೀಸೆಗೂ ಸಂಜೆಯ ಸೀಸೆಗೂ ನಡುವೆ
ಗುಡ್ಡ ಕುಸಿದು ಕೂತಿತ್ತು.
ಪ್ರಯೋಗಾಲಯದಿಂದ ದ್ಯೆಪ್ ಫೋನಿನಲ್ಲಿ ಕೂಗಿದಳು.
ಮುರಿದ ಚೂರುಗಳು ಏನಾದವೋ ಇನ್ನೂ ಗೊತ್ತಿಲ್ಲ, ಎಂದೆ.
ಸ್ವಲ್ಪ ಹೊತ್ತು ಸುಮ್ಮನಾದಳು.

ಮರುದಿನ ಮುಂಜಾನೆ ಐದಕ್ಕೆ ತೆಗೆದ ನೀರಿನಲ್ಲಿ
ಗುಡ್ಡ ಮತ್ತೆ ನೆಟ್ಟಗೆ ನಿಂತಿತ್ತು.
ಅದರ ಮರುದಿನವೂ.
ಚೀಲ ಬದಲಿಸಿದೆ, ಸೀಸೆ ಬದಲಿಸಿದೆ,
ನನ್ನ ಕೈಯನ್ನೇ ಅನುಮಾನಿಸಿದೆ.

ತಾಮ್ ಐಸ್ ಕಾಫಿ ಕಲಕುತ್ತ ಕೇಳಿದ:
"ಮಗಳೇ, ನಿನ್ನ ಈ ಪುಡಿ ರಾತ್ರಿ ಏನು ಮಾಡುತ್ತದೆ?"
"ಏನೂ ಇಲ್ಲ. ಬೆಳಕಿಲ್ಲದಿದ್ದರೆ ಅದು ಬರೀ ಪುಡಿ."
ಅವನು ಕಲಕುತ್ತಲೇ ಇದ್ದ. ಐಸೆಲ್ಲ ಕರಗಿತು.
"ನಾನು ಮದ್ದು ಹಾಕುವುದು ರಾತ್ರಿ," ಎಂದ.
"ಪಕ್ಕದ ಹೊಂಡದವರು ನೋಡದ ಹಾಗೆ."
ಮತ್ತೆ, ಲೋಟಕ್ಕೇ ಹೇಳುವಂತೆ:
"ಅವರೂ ರಾತ್ರಿಯೇ ಹಾಕುತ್ತಾರೆ."

ಹಗಲು ಕಂಡ ಬಾವಿಗೆ ರಾತ್ರಿ ಬೀಳುವ
ಒಂದಿಡೀ ಕಾಲುವೆ ಸಾಲು.
ಇದನ್ನು ಯಾವ ಕೋಷ್ಟಕದಲ್ಲಿ ತುಂಬಲಿ?

ನಿನ್ನೆ ಹೋದಾಗ ನಡುಮಧ್ಯಾಹ್ನ.
ಹೊಂಡದ ದಂಡೆಯಲ್ಲಿ ಬಾಯಿ ಬಿಚ್ಚಿದ ನೀಲಿ ಚೀಲ,
ಎಲ್ಲರಿಗೂ ಕಾಣುವ ಹಾಗೆ.
ಬ್ಯಾಂಡೇಜಿನ ಕಾಲು ಚಾಚಿ ಖೋಯ್ ತಕ್ಕಡಿ ಓದುತ್ತಿದ್ದ,
ಅವನ ಶಾಲೆಯ ನೋಟುಪುಸ್ತಕ ತಾಮ್‌ನ ತೊಡೆಯ ಮೇಲೆ.
ಪೆನ್ಸಿಲಿನಲ್ಲಿ, ಒತ್ತಿ ಒತ್ತಿ:
ಒಂದನೇ ದಿನ. ಅರ್ಧ ಬಟ್ಟಲು.

ಒಂದು ಎಂದೇ ಬರೆದಿದ್ದ. ಎರಡಲ್ಲ.